ಹಿಡಿಯಬೇಕೆಂದರೆ ವೇಗ ತಗ್ಗಿಸಬೇಕು

2024ರ ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಆ ದಿನ ಊರೆಲ್ಲ ಖಾಲಿ, ಹೊಲವೆಲ್ಲ ಭರ್ತಿ. ಬಿಳಿಜೋಳದ ಸಾಲಿನಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಬಂದ ಸರಸಂಬಾ ಊರಿನ ಮಂದಿ ದಣಿದು ಮಲಗುವ ಹೊತ್ತು. ರಾತ್ರಿ ಹತ್ತು ಗಂಟೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಮೇಲೆದ್ದಿತು. ಅದರ ತಲೆಯಲ್ಲಿ ತಲಾ ಸುಮಾರು 220 ಕೆ.ಜಿ. ತೂಕದ ಎರಡು ಉಪಗ್ರಹಗಳಿದ್ದವು. ಬೆನ್ನಟ್ಟಿ ಹೋಗುವುದಕ್ಕೆ ಚೇಸರ್ ಎಂದು ಹೆಸರು, ಬೆನ್ನಟ್ಟಿಸಿಕೊಳ್ಳುವುದಕ್ಕೆ ಟಾರ್ಗೆಟ್ ಎಂದು. ಎರಡನ್ನೂ ಬಾಹ್ಯಾಕಾಶದಲ್ಲಿ ಬೇರೆ ಬೇರೆ ಬಿಟ್ಟು, ಆಮೇಲೆ ಒಂದಕ್ಕೊಂದು ಜೋಡಿಸುವುದು ಇಸ್ರೊದ ಉದ್ದೇಶ. ಈ ಯೋಜನೆಯ ಹೆಸರು ಸ್ಪೇಡೆಕ್ಸ್.

ಎಳ್ಳಮಾವಾಸ್ಯೆಯ ಭಜ್ಜಿಗೆ ಬೀಳುವ ಅಲಸಂದಿಯೂ ಅದೇ ರಾಕೆಟ್ಟಿನಲ್ಲಿ ಹೋಗಿತ್ತು. ಕೆಲಸ ಮುಗಿದ ಮೇಲೂ ಕಕ್ಷೆಯಲ್ಲೇ ಉಳಿಯುವ ರಾಕೆಟ್‌ನ ನಾಲ್ಕನೇ ಹಂತದಲ್ಲಿ ಒಂದು ಪುಟ್ಟ ಪೆಟ್ಟಿಗೆಯಿಟ್ಟು ಎಂಟು ಅಲಸಂದಿ ಬೀಜ ಕಳಿಸಿದ್ದರು. ನಾಲ್ಕೇ ದಿನಕ್ಕೆ ಮೊಳಕೆ ಒಡೆದವು, ಆಮೇಲೆ ಎಲೆಯೂ ಕಾಣಿಸಿತು. ಆ ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು.

ಆದರೆ ಎರಡು ಉಪಗ್ರಹಗಳ ಜೋಡಣೆ ಮಾತ್ರ ಆಗಲೊಲ್ಲದು. ಜನವರಿ 7ಕ್ಕೆ ಎಂದರು, 9ಕ್ಕೆ ಮುಂದೂಡಿದರು, ಅದೂ ಆಗಲಿಲ್ಲ. 12ರಂದು ಮೂರು ಮೀಟರ್ ಹತ್ತಿರಕ್ಕೆ ಒಯ್ದು ಮತ್ತೆ ಹಿಂದಕ್ಕೆ ಸರಿಸಿದರು. ನಮ್ಮ ಕಡೆಯ ಚಹಾದಂಗಡಿಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಇಸ್ರೊದ್ದು ಫೇಲ್ ಆಯ್ತಂತ’ ಎಂಬ ಮಾತು ಓಡಾಡಿತು. ಮೂರು ಮೀಟರ್ ಎಂದರೆ ಒಂದು ಕೋಣೆಯ ಉದ್ದ. ಅಷ್ಟು ಹತ್ತಿರ ಹೋದದ್ದು ಇನ್ನೊಂದಿಷ್ಟು ಮುಂದೆ ಹೋಗಲಾರದೇ ಎಂದು ಕೇಳಿದವರು ಬಹಳ. ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಸರಿಯಾದ ಉತ್ತರ ಸಿಗಬೇಕಾದರೆ ಕಕ್ಷೆಯಲ್ಲಿ ಸುತ್ತುವ ವಸ್ತು ಹೇಗೆ ಓಡುತ್ತದೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಆಳಂದದಿಂದ ಕಲಬುರಗಿ ಸುಮಾರು 40 ಕಿ.ಮೀ. ಆ ರಸ್ತೆಯಲ್ಲಿ ಎರಡು ಬೈಕು ಗಂಟೆಗೆ 50 ಕಿ.ಮೀ. ವೇಗದಲ್ಲಿ ಅಕ್ಕಪಕ್ಕ ಹೊರಟಿವೆ ಎನ್ನಿ. ಒಬ್ಬ ಇನ್ನೊಬ್ಬನ ಕೈಗೆ ಬುತ್ತಿ ಗಂಟು ಕೊಡಬಹುದು, ಮಾತಾಡಬಹುದು. ಪಕ್ಕದವನ ಕಣ್ಣಿಗೆ ಇವನು ನಿಂತೇ ಇದ್ದಾನೆ. ಇಬ್ಬರ ವೇಗದ ನಡುವಿನ ವ್ಯತ್ಯಾಸ ಸೊನ್ನೆ, ಲೆಕ್ಕಕ್ಕೆ ಬರುವುದು ಅದೊಂದೇ. ಎದುರಿನಿಂದ ಬರುವವನ ಕೈಗೆ ಅದೇ ಬುತ್ತಿ ಕೊಡಲು ಹೋದರೆ ಕೈ ಮುರಿಯುತ್ತದೆ. ಬಾಹ್ಯಾಕಾಶದಲ್ಲೂ ಈ ಮಟ್ಟಿಗೆ ನಿಯಮ ಇದೇ. ಸ್ಪೇಡೆಕ್ಸ್ ಉಪಗ್ರಹಗಳು ನೆಲದಿಂದ ಸುಮಾರು 475 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.6 ಕಿ.ಮೀ. ವೇಗದಲ್ಲಿ ಓಡುತ್ತಿದ್ದವು. ಗಂಟೆಯ ಲೆಕ್ಕದಲ್ಲಿ 27 ಸಾವಿರ ಕಿ.ಮೀ. ದಾಟುತ್ತದೆ. ಆಳಂದದಿಂದ ಕಲಬುರಗಿಗೆ ಐದೂ ಚಿಲ್ಲರೆ ಸೆಕೆಂಡು. ಇಷ್ಟು ವೇಗ ಕೇಳಿ ಗಾಬರಿಯಾಗಬೇಕಿಲ್ಲ. ಎರಡೂ ಅದೇ ವೇಗದಲ್ಲಿ, ಅದೇ ದಿಕ್ಕಿಗೆ ಹೊರಟಿದ್ದರೆ ಒಂದರ ಪಾಲಿಗೆ ಇನ್ನೊಂದು ನಿಂತೇ ಇರುತ್ತದೆ.

ಇಲ್ಲಿಯವರೆಗೆ ಹೇಳಿದಾಗ ಶಾಲೆಯ ಮಕ್ಕಳು ಒಪ್ಪುತ್ತಾರೆ. ಸರಸಂಬಾದ ಕಡೆಯ ಒಬ್ಬ ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಬಲು ಚೆನ್ನಾಗಿತ್ತು. ‘ಸರ್, ಮುಂದಿನ ಗಾಡಿ ಹಿಡೀಬೇಕಂದ್ರ ರೇಸ್ ಕೊಡಬೇಕಲ್ರಿ? ಮ್ಯಾಲೂ ಅಷ್ಟೇ ಏನ್ರಿ?’

ಅಲ್ಲ ಕಣಪ್ಪ. ಮೇಲೆ ರೇಸ್ ಕೊಟ್ಟರೆ ನೀನು ಹಿಂದೆ ಬೀಳುತ್ತೀ.

ಬೈಕಿನ ಹೋಲಿಕೆ ಇಲ್ಲಿಗೆ ಮುಗಿಯಿತು. ರಸ್ತೆ ಗಾಡಿಯನ್ನು ಒಂದೇ ದಾರಿಯಲ್ಲಿ ಹಿಡಿದಿಟ್ಟಿರುತ್ತದೆ, ವೇಗ ಹೆಚ್ಚಿಸಿದರೂ ಇಳಿಸಿದರೂ ದಾರಿ ಬದಲಾಗದು. ಕಕ್ಷೆಯಲ್ಲಿ ದಾರಿಯನ್ನು ನಿರ್ಧರಿಸುವುದೇ ವೇಗ. ಭೂಮಿ ಉಪಗ್ರಹವನ್ನು ಸದಾ ತನ್ನತ್ತ ಎಳೆಯುತ್ತಿರುತ್ತದೆ, ಉಪಗ್ರಹ ಸದಾ ಬೀಳುತ್ತಲೇ ಇರುತ್ತದೆ. ಪಕ್ಕಕ್ಕೆ ಓಡುವ ವೇಗ ಸಾಕಷ್ಟಿರುವುದರಿಂದ ನೆಲ ಬಾಗಿದಷ್ಟೇ ಅದೂ ಬಾಗಿ ಬೀಳುತ್ತದೆ, ಹಾಗಾಗಿ ನೆಲ ಮುಟ್ಟುವುದಿಲ್ಲ. ಇಂಥ ಎತ್ತರದಲ್ಲಿ ದುಂಡಗೆ ಸುತ್ತಬೇಕೆಂದರೆ ಇಂಥದೇ ವೇಗ ಇರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೆಳಗಿದ್ದಷ್ಟೂ ಎಳೆತ ಜಾಸ್ತಿ, ಆದ್ದರಿಂದ ವೇಗವೂ ಜಾಸ್ತಿ ಬೇಕು. ಮೇಲಿದ್ದಷ್ಟೂ ವೇಗ ಕಡಿಮೆ. ಚಂದ್ರನನ್ನೇ ನೋಡಿ. 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿರುವ ಅವನು ಸೆಕೆಂಡಿಗೆ ಬರೀ ಒಂದು ಕಿ.ಮೀ. ನಡೆಯುತ್ತಾನೆ, ಒಂದು ಸುತ್ತಿಗೆ 27 ದಿನ ತೆಗೆದುಕೊಳ್ಳುತ್ತಾನೆ. ಸ್ಪೇಡೆಕ್ಸ್‌ಗೆ ಒಂದು ಸುತ್ತಿಗೆ 94 ನಿಮಿಷ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಚೇಸರ್ ಹಿಂದಿದೆ, ಟಾರ್ಗೆಟ್ ಮುಂದಿದೆ, ಇಬ್ಬರದೂ ಒಂದೇ ಕಕ್ಷೆ. ಚೇಸರ್ ಥ್ರಸ್ಟರ್ ಎಂಬ ತನ್ನ ಪುಟ್ಟ ಎಂಜಿನ್ ಉರಿಸಿ ಮುಂದಕ್ಕೆ ತಳ್ಳಿಕೊಂಡಿತು ಎನ್ನಿ. ಕೆಲವು ನಿಮಿಷ ಅದು ಹತ್ತಿರ ಬಂದಂತೆ ಕಾಣುತ್ತದೆ. ಆದರೆ ಹೆಚ್ಚಿದ ವೇಗ ಅದನ್ನು ಮೇಲಕ್ಕೆ ಏರಿಸುತ್ತದೆ. ಏರುತ್ತ ಏರುತ್ತ ವೇಗ ಕಳೆದುಕೊಳ್ಳುತ್ತದೆ, ಸುತ್ತುವ ದಾರಿಯೂ ಉದ್ದವಾಗುತ್ತದೆ. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಟಾರ್ಗೆಟ್ ಇನ್ನೂ ಮುಂದೆ ಹೋಗಿಬಿಟ್ಟಿರುತ್ತದೆ. ಮುಂದಿನದನ್ನು ಹಿಡಿಯಬೇಕಾದರೆ ಚೇಸರ್ ತನ್ನ ವೇಗವನ್ನು ತಗ್ಗಿಸಬೇಕು. ತಗ್ಗಿಸಿದರೆ ಕೆಳಗಿಳಿಯುತ್ತದೆ, ಇಳಿಯುವಾಗ ವೇಗ ಕೂಡಿಕೊಳ್ಳುತ್ತದೆ, ಕೆಳಗಿನ ಚಿಕ್ಕ ಸುತ್ತನ್ನು ಬೇಗ ಮುಗಿಸಿ ಮುಂದಿನದನ್ನು ಮುಟ್ಟುತ್ತದೆ. ಆಮೇಲೆ ಸರಿಯಾದ ಹೊತ್ತಿಗೆ ಮೇಲೆ ಬರಲು ಮತ್ತೆ ವೇಗ ಕೊಡಬೇಕು. ಒಂದು ಕಿ.ಮೀ. ಕೆಳಗಿದ್ದರೆ ಸೆಕೆಂಡಿಗೆ ಸುಮಾರು 56 ಸೆಂಟಿಮೀಟರ್ ವೇಗ ಹೆಚ್ಚು. ಒಂದು ಸುತ್ತಿನಲ್ಲಿ, ಎಂದರೆ 94 ನಿಮಿಷದಲ್ಲಿ, ಕೆಳಗಿನದು ಮೇಲಿನದಕ್ಕಿಂತ ಒಂಬತ್ತು ಕಿ.ಮೀ.ಗೂ ಮಿಕ್ಕಿ ಮುಂದೆ ಹೋಗುತ್ತದೆ.

ಈ ವಿಷಯ ಮನುಷ್ಯನ ಮೈಗೆ ಒಗ್ಗುವುದಿಲ್ಲ ಎಂಬುದಕ್ಕೆ ಜೇಮ್ಸ್ ಮೆಕ್‌ಡಿವಿಟ್ ಸಾಕ್ಷಿ. ಅಮೆರಿಕದ ವಾಯುಪಡೆಯ ನುರಿತ ಪೈಲಟ್ ಆತ. 1965ರ ಜೂನ್ 3ರಂದು ಜೆಮಿನಿ-4 ನೌಕೆಯಲ್ಲಿ ಮೇಲೆ ಹೋದ. ತನ್ನನ್ನು ಹೊತ್ತು ತಂದ ಟೈಟನ್ ರಾಕೆಟ್‌ನ ಖಾಲಿ ಹಂತ ಎದುರಿಗೇ ತೇಲುತ್ತಿತ್ತು, ಅದರ ಹತ್ತಿರ ಹೋಗಿ ಜತೆಯಲ್ಲಿ ಹಾರುವುದು ಅವನಿಗೆ ಒಪ್ಪಿಸಿದ ಕೆಲಸ. ವಿಮಾನ ನಡೆಸುವವನಿಗೆ ಏನು ತೋಚುತ್ತದೋ ಅದನ್ನೇ ಮಾಡಿದ. ನೌಕೆಯ ಮೂತಿಯನ್ನು ಅದರತ್ತ ತಿರುಗಿಸಿ ಥ್ರಸ್ಟರ್ ಉರಿಸಿದ. ಅದು ದೂರ ಸರಿಯಿತು. ಮತ್ತೆ ಉರಿಸಿದ, ಮತ್ತೆ ಸರಿಯಿತು. ಸಾಕಷ್ಟು ಇಂಧನ ಸುಟ್ಟ ಮೇಲೆ ಪ್ರಯತ್ನ ಕೈಬಿಡಬೇಕಾಯಿತು. ಅವನ ಕೈಚಳಕದಲ್ಲಿ ಕೊರತೆಯಿರಲಿಲ್ಲ. ನೆಲದ ಮೇಲೆ, ಗಾಳಿಯಲ್ಲಿ ಕಲಿತದ್ದು ಕಕ್ಷೆಯಲ್ಲಿ ಉಲ್ಟಾ ಹೊಡೆಯಿತು.

ಆದರೆ ಲೆಕ್ಕ ಗೊತ್ತಿದ್ದವರು ಆಗಲೇ ಇದ್ದರು. ಹತ್ತಿರ ಹತ್ತಿರ ಹಾರುವ ಎರಡು ನೌಕೆಗಳಲ್ಲಿ ಒಂದರ ಕಣ್ಣಿನಿಂದ ಇನ್ನೊಂದು ಹೇಗೆ ಚಲಿಸುತ್ತದೆ ಎಂಬುದರ ಸಮೀಕರಣಗಳನ್ನು ಕ್ಲೊಹೆಸಿ ಮತ್ತು ವಿಲ್ಟ್‌ಶೈರ್ ಎಂಬ ಇಬ್ಬರು 1960ರಲ್ಲಿ ಪ್ರಕಟಿಸಿದ್ದರು. ಅದಕ್ಕೂ ಎಷ್ಟೋ ಮೊದಲು, 1878ರಲ್ಲಿ, ಚಂದ್ರನ ಚಲನೆಯನ್ನು ಬಿಡಿಸಲು ಹೊರಟ ಜಾರ್ಜ್ ಹಿಲ್ ಎಂಬ ಗಣಿತಜ್ಞ ಇದೇ ದಾರಿ ಹಾಕಿದ್ದ. ಮುಂದೆ ಚಂದ್ರನ ಮೇಲೆ ಕಾಲಿಟ್ಟ ಬಜ್ ಆಲ್ಡ್ರಿನ್ 1963ರಲ್ಲಿ ಡಾಕ್ಟರೇಟ್ ಪಡೆದದ್ದು ಕಕ್ಷೆಯಲ್ಲಿ ನೌಕೆಗಳು ಹೇಗೆ ಸಂಧಿಸಬೇಕು ಎಂಬ ವಿಷಯದ ಮೇಲೆಯೇ. ಜೆಮಿನಿ-4ರ ಸೋಲಿನ ನಂತರ ಆರು ತಿಂಗಳು ಕಳೆದು, 1965ರ ಡಿಸೆಂಬರ್ 15ರಂದು, ಜೆಮಿನಿ-6ಎ ನೌಕೆಯಲ್ಲಿದ್ದ ವಾಲಿ ಶಿರ್ರಾ ಮತ್ತು ಟಾಮ್ ಸ್ಟ್ಯಾಫರ್ಡ್, ಮೊದಲೇ ಮೇಲಿದ್ದ ಜೆಮಿನಿ-7ರ ಹತ್ತಿರ ಒಂದಡಿ ಅಂತರದವರೆಗೂ ಹೋಗಿ ಗಂಟೆಗಟ್ಟಲೆ ಜತೆಯಲ್ಲೇ ಹಾರಿದರು. ಅಂತರಿಕ್ಷದಲ್ಲಿ ಎರಡು ನೌಕೆಗಳ ನಿಜವಾದ ಮೊದಲ ಭೇಟಿ ಅದು.

ಅದಕ್ಕೂ ಮೂರು ವರ್ಷ ಮೊದಲು, 1962ರ ಆಗಸ್ಟಿನಲ್ಲಿ, ಸೋವಿಯತ್ ಒಕ್ಕೂಟದ ವೊಸ್ಟೊಕ್-3 ಮತ್ತು ವೊಸ್ಟೊಕ್-4 ಆರೂವರೆ ಕಿ.ಮೀ. ಸಮೀಪ ಬಂದಿದ್ದವು. ಜಗತ್ತೆಲ್ಲ ಬೆರಗಾಯಿತು. ಆದರೆ ಅದು ಭೇಟಿಯಾಗಿರಲಿಲ್ಲ. ರಾಕೆಟ್ ಬಿಟ್ಟ ಹೊತ್ತು ಕರಾರುವಾಕ್ಕಾಗಿದ್ದರಿಂದ ಎರಡೂ ಹತ್ತಿರದಲ್ಲಿ ಹಾದುಹೋದವು, ಅಷ್ಟೇ. ವೇಗವನ್ನು ಸಮ ಮಾಡಿಕೊಳ್ಳುವ ಉಪಾಯ ಆ ನೌಕೆಗಳಲ್ಲಿರಲಿಲ್ಲ, ಹಾಗಾಗಿ ಸುತ್ತು ಸುತ್ತಿಗೂ ದೂರವಾಗುತ್ತ ಹೋದವು. ಹತ್ತಿರ ಇರುವುದು ಬೇರೆ, ಜತೆಗಿರುವುದು ಬೇರೆ. ಸ್ಪೇಡೆಕ್ಸ್‌ನ ಇಡೀ ಕಷ್ಟ ಇದರಲ್ಲಿಯೇ ಇತ್ತು.

ಡಿಸೆಂಬರ್ 30ರ ರಾತ್ರಿ ರಾಕೆಟ್ ಎರಡೂ ಉಪಗ್ರಹಗಳನ್ನು ಬಿಟ್ಟಾಗ ಬೇಕೆಂದೇ ಅವುಗಳ ವೇಗದಲ್ಲಿ ಒಂದಿಷ್ಟು ವ್ಯತ್ಯಾಸ ಇಟ್ಟಿತ್ತು, ಒಂದಕ್ಕೊಂದು ತಾಗಬಾರದೆಂದು. ಆ ವ್ಯತ್ಯಾಸದಿಂದ ಒಂದು ದಿನದಲ್ಲಿ ಹತ್ತಿಪ್ಪತ್ತು ಕಿ.ಮೀ. ಅಂತರ ಬೀಳುತ್ತದೆ. ಆಮೇಲೆ ಟಾರ್ಗೆಟ್ ತನ್ನ ಥ್ರಸ್ಟರ್‌ಗಳಿಂದ ಆ ವ್ಯತ್ಯಾಸವನ್ನು ಅಳಿಸುತ್ತದೆ. ಇಸ್ರೊದವರು ಇದಕ್ಕೆ ಡ್ರಿಫ್ಟ್ ಅರೆಸ್ಟ್ ಎನ್ನುತ್ತಾರೆ, ಸರಿದುಹೋಗುವುದನ್ನು ತಡೆದು ನಿಲ್ಲಿಸುವುದು. ಅಲ್ಲಿಂದ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಬರಬೇಕು: 5 ಕಿ.ಮೀ., ಒಂದೂವರೆ ಕಿ.ಮೀ., 500 ಮೀಟರ್, 225 ಮೀಟರ್, 15 ಮೀಟರ್, 3 ಮೀಟರ್. ಪ್ರತಿ ಮೆಟ್ಟಿಲಿನಲ್ಲೂ ನಿಂತು ವೇಗ ಸಮ ಮಾಡಿಕೊಂಡು, ಅಳತೆಗಳನ್ನು ತಾಳೆ ನೋಡಿ, ಸರಿಯಿದೆ ಎಂದಾದ ಮೇಲೆ ಮುಂದಿನದು.

ಜನವರಿ 8ರಂದು ತೊಂದರೆಯಾದದ್ದು 500ರಿಂದ 225 ಮೀಟರಿಗೆ ಸರಿಯುವಾಗ. ಉಪಗ್ರಹಗಳು ನೆಲದ ಕೇಂದ್ರಗಳಿಗೆ ಕಾಣದಿರುವ ಅವಧಿ ಮುಗಿದು ಮತ್ತೆ ಸಂಪರ್ಕಕ್ಕೆ ಬಂದಾಗ, ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸರಿದುಬಿಟ್ಟಿದ್ದವು. ಎಷ್ಟು ಸಣ್ಣ ತಪ್ಪಿನಿಂದ ಹೀಗಾಗಬಹುದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಎರಡರ ವೇಗದಲ್ಲಿ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರ್ ವ್ಯತ್ಯಾಸ ಉಳಿದಿದೆ ಎನ್ನಿ. ಒಂದು ಸೆಂಟಿಮೀಟರ್ ಎಂದರೆ ಕಿರುಬೆರಳಿನ ಉಗುರಿನಗಲ. ಅವುಗಳ ಓಟವೇ ಸೆಕೆಂಡಿಗೆ 7 ಲಕ್ಷ 60 ಸಾವಿರ ಸೆಂಟಿಮೀಟರ್, ಅದರಲ್ಲಿ ಒಂದು. ನೆಲದ ಲೆಕ್ಕದಲ್ಲಾದರೆ ದಿನಕ್ಕೆ 864 ಮೀಟರ್ ಮುಂದೆ ಹೋಗಬೇಕು. ಕಕ್ಷೆಯಲ್ಲಿ ಏನಾಗುತ್ತದೆ? ಆ ಒಂದು ಸೆಂಟಿಮೀಟರ್ ಹೆಚ್ಚಿನ ವೇಗ ಉಪಗ್ರಹದ ಸರಾಸರಿ ಎತ್ತರವನ್ನು 18 ಮೀಟರ್ ಏರಿಸುತ್ತದೆ, ಏರಿದ್ದರಿಂದ ಅದು ಪ್ರತಿ ಸುತ್ತಿಗೆ ಸುಮಾರು 170 ಮೀಟರ್ ಹಿಂದೆ ಬೀಳುತ್ತದೆ. ದಿನಕ್ಕೆ ಹದಿನೈದು ಸುತ್ತು. ಸಂಜೆಗೆ ಎರಡೂವರೆ ಕಿ.ಮೀ. ದಾಟಿರುತ್ತದೆ. ನಾವು ಊಹಿಸಿದ್ದರ ಮೂರು ಪಟ್ಟು, ಅದೂ ನಾವು ಊಹಿಸಿದ ದಿಕ್ಕಿಗೆ ತದ್ವಿರುದ್ಧವಾಗಿ. ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದವರಿಗೆ ಜನವರಿ 9ರ ಮುಂದೂಡಿಕೆ ಆಶ್ಚರ್ಯ ಹುಟ್ಟಿಸುವುದಿಲ್ಲ.

ಮತ್ತೆ ಇಡೀ ದಿನ ನೋಡುತ್ತ ಕೂರುವಂತೆಯೂ ಇಲ್ಲ. ಅಷ್ಟು ಎತ್ತರದ ಉಪಗ್ರಹ ಒಂದು ನೆಲದ ಕೇಂದ್ರಕ್ಕೆ ದಿಗಂತದಿಂದ ದಿಗಂತದವರೆಗೆ ಕಾಣುವುದು ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. ಬೆಂಗಳೂರು, ಲಖನೌ, ಮಾರಿಷಸ್ ಹೀಗೆ ಅಲ್ಲಲ್ಲಿ ಕೇಂದ್ರಗಳಿದ್ದರೂ ನಡುನಡುವೆ ಮಾತುಕತೆಯಿಲ್ಲದ ಹೊತ್ತು ಬರುತ್ತದೆ. ಆಗ ಉಪಗ್ರಹಗಳೇ ತಮ್ಮ ಲೆಕ್ಕ ತಾವೇ ಮಾಡಿಕೊಳ್ಳಬೇಕು.

ಆ ಲೆಕ್ಕವನ್ನು ಅವು ಹೇಗೆ ಮಾಡಿಕೊಂಡವು ಎಂಬುದು ನನ್ನ ಮಟ್ಟಿಗೆ ಈ ಕತೆಯ ಅತ್ಯಂತ ಸೊಗಸಾದ ಭಾಗ. ಎರಡರಲ್ಲೂ ಪಥದರ್ಶಕ ಉಪಗ್ರಹಗಳ ಸಂಕೇತ ಹಿಡಿಯುವ ರಿಸೀವರ್ ಇತ್ತು, ನಮ್ಮ ಮೊಬೈಲಿನ ಜಿಪಿಎಸ್ ಮಾಡುವಂಥದೇ ಕೆಲಸ. ಒಂಟಿಯಾಗಿ ಅಳೆದರೆ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಆದರೆ ಹತ್ತಿರವಿರುವ ಎರಡೂ ಒಂದೇ ಗುಂಪಿನ ಉಪಗ್ರಹಗಳನ್ನು ನೋಡುತ್ತಿರುವಾಗ ಬಹುಪಾಲು ತಪ್ಪು ಇಬ್ಬರಲ್ಲೂ ಒಂದೇ ಆಗಿರುತ್ತದೆ. ಒಂದರ ಅಳತೆಯಿಂದ ಇನ್ನೊಂದರದನ್ನು ಕಳೆದರೆ ತಪ್ಪಿಗೆ ತಪ್ಪು ವಜಾ, ಉಳಿಯುವುದು ನಡುವಿನ ಅಂತರ ಮತ್ತು ವೇಗದ ವ್ಯತ್ಯಾಸ. ಇದಕ್ಕಾಗಿ ಚೇಸರ್ ಮತ್ತು ಟಾರ್ಗೆಟ್ ತಮ್ಮತಮ್ಮಲ್ಲಿ ರೇಡಿಯೊ ಸಂಪರ್ಕ ಇಟ್ಟುಕೊಂಡು ಅಳತೆಗಳನ್ನು ಹಂಚಿಕೊಳ್ಳುತ್ತಿದ್ದವು. ಆರು ಕಿ.ಮೀ. ಒಳಗೆ ಬಂದ ಮೇಲೆ ಲೇಸರ್ ಅಳತೆಗೋಲಿನ ಕೆಲಸ ಶುರು. ಇನ್ನೂ ಹತ್ತಿರಕ್ಕೆ ಬೇರೆ ಸೆನ್ಸರ್‌ಗಳು, ಮೂವತ್ತು ಮೀಟರ್ ಒಳಗೆ ಇನ್ನೊಂದು, ಕಟ್ಟಕಡೆಯ ಎಂಟು ಸೆಂಟಿಮೀಟರಿಗೆ ಮತ್ತೊಂದು. ಅಂತರ ಕಡಿಮೆಯಾದಂತೆ ಕಣ್ಣು ಬದಲಾಗುತ್ತ ಹೋಗುತ್ತದೆ. ಕಣ್ಣು ಬದಲಿಸುವ ಗಳಿಗೆಯಲ್ಲಿ ಹೊಸ ಕಣ್ಣು ಹೇಳುವುದೂ ಹಳೆಯದು ಹೇಳುವುದೂ ಹೊಂದಬೇಕು, ಹೊಂದದಿದ್ದರೆ ಹಿಂದೆ ಸರಿಯಬೇಕು. ಇದನ್ನೆಲ್ಲ ರೂಪಿಸಿದವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು, ಉಪಗ್ರಹಗಳನ್ನು ಮೇಲೆ ನಡೆಸಿದವರು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರ್ಯಾಕ್ ಕೇಂದ್ರದವರು. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಐವತ್ತು ವರ್ಷ ಹಿಂದೆ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದೂ ಇದೇ ಪೀಣ್ಯದ ಶೆಡ್ಡುಗಳಲ್ಲಿ.

ವೇಗ ಸಮ ಮಾಡುವುದೆಂದರೆ ದಿಕ್ಕನ್ನೂ ಸಮ ಮಾಡುವುದು. ಇದು ಮರೆತುಹೋಗುವ ಸಂಗತಿ. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ ಅಮೆರಿಕದ ಇರಿಡಿಯಂ-33 ಮತ್ತು ರಷ್ಯಾದ ಕೆಟ್ಟುಹೋಗಿದ್ದ ಕಾಸ್ಮೋಸ್-2251 ಉಪಗ್ರಹಗಳು ಢಿಕ್ಕಿ ಹೊಡೆದು ಚೂರುಚೂರಾದವು. ಇಬ್ಬರ ಓಟವೂ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ., ಬಹುತೇಕ ಸಮಾನ. ಆದರೆ ಒಂದರ ದಾರಿಯನ್ನು ಇನ್ನೊಂದರ ದಾರಿ ಅಡ್ಡಲಾಗಿ ಕತ್ತರಿಸುತ್ತಿತ್ತು. ಢಿಕ್ಕಿಯ ವೇಗ ಸೆಕೆಂಡಿಗೆ ಹನ್ನೊಂದು ಕಿ.ಮೀ.ಗೂ ಹೆಚ್ಚಾಯಿತು. ಕಕ್ಷೆಯ ಓರೆಯನ್ನು ಬರೀ ಒಂದು ಡಿಗ್ರಿ ತಿರುಗಿಸಲು ಸೆಕೆಂಡಿಗೆ ಸುಮಾರು 133 ಮೀಟರ್ ವೇಗ ಬೇಕು. ಎತ್ತರವನ್ನು ಒಂದು ಕಿ.ಮೀ. ಬದಲಿಸಲು ಬೇಕಾದ 56 ಸೆಂಟಿಮೀಟರ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸಣ್ಣ ಉಪಗ್ರಹದ ಇಂಧನವೆಲ್ಲ ಅದಕ್ಕೇ ಹೋಗಿಬಿಡುತ್ತದೆ. ಇಸ್ರೊ ಎರಡನ್ನೂ ಒಂದೇ ರಾಕೆಟ್ಟಿನಲ್ಲಿ ಕಳಿಸಿದ್ದರಿಂದ ದಿಕ್ಕಿನ ಸಮಸ್ಯೆ ಮೊದಲ ದಿನವೇ ಬಗೆಹರಿದಿತ್ತು. ಮೊದಲ ಪಾಠಕ್ಕೆ ಇದು ಜಾಣ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಬೇರೆ ಬೇರೆ ದಿನ ಹೊರಟವರು ಸೇರಬೇಕಾದರೆ ಎಷ್ಟು ಕಾಯಬೇಕು ಎಂಬುದನ್ನು ಸ್ಪೇಡೆಕ್ಸ್ ಆದ ಕೆಲವೇ ತಿಂಗಳಿಗೆ ನೋಡಿದೆವು. 2025ರ ಜೂನ್ 25ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಮತ್ತು ಮೂವರು ಸಂಗಾತಿಗಳು ಫ್ಲಾರಿಡಾದಿಂದ ಹೊರಟರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಕಲಬುರಗಿಯಿಂದ ಬೆಂಗಳೂರಿಗಿಂತ ಹತ್ತಿರ. ರಾಕೆಟ್ ಅವರನ್ನು ಹತ್ತು ನಿಮಿಷದಲ್ಲಿ ಕಕ್ಷೆಗೆ ಮುಟ್ಟಿಸಿತು. ನಿಲ್ದಾಣ ಸೇರಲು ಮಾತ್ರ 28 ಗಂಟೆ ಹಿಡಿಯಿತು. ಉಳಿದ ಹೊತ್ತೆಲ್ಲ ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತ, ಸ್ವಲ್ಪ ಸ್ವಲ್ಪವೇ ಮೇಲೇರುತ್ತ, ನಿಲ್ದಾಣದ ವೇಗಕ್ಕೆ ತಮ್ಮ ವೇಗ ಹೊಂದಿಸುವುದಕ್ಕೆ ಹೋಯಿತು. ಶುಕ್ಲಾ ಅವರ ಜತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗವೊಂದೂ ಹೋಗಿತ್ತು. ಮೆಂತ್ಯ ಮತ್ತು ಹೆಸರುಕಾಳು ಅಲ್ಲಿ ಮೊಳಕೆಯೊಡೆದವು. ಆ ಕಾಳು ನಿಲ್ದಾಣದ ಬಾಗಿಲು ದಾಟಿದ್ದು ಜೋಡಣೆ ಸರಿಯಾಗಿ ಆದದ್ದರಿಂದ.

ಇನ್ನು ಆ ಕೊನೆಯ ಮೂರು ಮೀಟರ್. ಸ್ಪೇಡೆಕ್ಸ್‌ನ ಜೋಡಣೆಯ ಬಳೆ 450 ಮಿಲಿಮೀಟರ್ ಅಗಲದ್ದು, ಎರಡೂ ಉಪಗ್ರಹಗಳಲ್ಲಿ ಒಂದೇ ಬಗೆಯದು. ಮನುಷ್ಯರನ್ನು ಸಾಗಿಸುವ ದೊಡ್ಡ ನೌಕೆಗಳ ಜೋಡಣೆಗೆ 24 ಮೋಟರು ಬಳಸುವ ವಿನ್ಯಾಸವಿದೆ. ಇಸ್ರೊ ಎರಡೇ ಮೋಟರಿನಲ್ಲಿ ಕೆಲಸ ಮುಗಿಸುವಂತೆ ಮಾಡಿತು. ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್ ಎಂದು ಗೊತ್ತು ಮಾಡಿದ್ದರು. ಅದೇ ನಡಿಗೆಯಲ್ಲಿ ಮೂರು ಮೀಟರ್ ಸಾಗಲು ಐದು ನಿಮಿಷ ಬೇಕು. ಆ ಐದು ನಿಮಿಷದಲ್ಲಿ ಜೋಡಿ ಕಕ್ಷೆಯಲ್ಲಿ 2,300 ಕಿ.ಮೀ. ಹತ್ತಿರ ಹತ್ತಿರ ಓಡಿರುತ್ತದೆ. ಇದಕ್ಕಿಂತ ಜೋರಾಗಿ ಬಂದರೆ ತಾಗಿ ಹಿಂದಕ್ಕೆ ಪುಟಿಯುತ್ತದೆ, ಏಕೆಂದರೆ ಅಲ್ಲಿ ಹಿಡಿದು ನಿಲ್ಲಿಸಲು ನೆಲವೂ ಇಲ್ಲ, ಉಜ್ಜಿ ತಡೆಯಲು ಗಾಳಿಯೂ ಇಲ್ಲ. ತೀರಾ ಮೆಲ್ಲಗೆ ಬಂದರೆ ಕೊಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಓರೆಯಾಗಿ ಬಂದರೆ ಎರಡೂ ಗಿರಗಿರ ತಿರುಗತೊಡಗುತ್ತವೆ.

ಜೋರಾಗಿ ಬಂದರೆ ಏನಾಗುತ್ತದೆ ಎಂಬುದನ್ನು ರಷ್ಯಾದವರು 1997ರ ಜೂನ್ 25ರಂದು ಕಂಡರು. ಪ್ರೊಗ್ರೆಸ್ ಎಂ-34 ಎಂಬ ಸರಕು ನೌಕೆಯನ್ನು ಮಿರ್ ನಿಲ್ದಾಣದ ಒಳಗೆ ಕುಳಿತು ಕೈಯಿಂದಲೇ ನಡೆಸಿ ಜೋಡಿಸುವ ಪ್ರಯೋಗ ಮಾಡುತ್ತಿದ್ದರು. ಸಮೀಪಿಸುವ ವೇಗ ಸೆಕೆಂಡಿಗೆ ಮೂರು ಮೀಟರಿನಷ್ಟಿತ್ತು, ಓಡುವ ಮನುಷ್ಯನ ವೇಗ. ಅಷ್ಟಕ್ಕೇ ನೌಕೆ ನಿಲ್ದಾಣದ ಸೌರಫಲಕಕ್ಕೂ ಸ್ಪೆಕ್ಟರ್ ಎಂಬ ಕೋಣೆಗೂ ಗುದ್ದಿತು, ಕೋಣೆ ತೂತಾಗಿ ಗಾಳಿ ಸೋರತೊಡಗಿತು. ಒಳಗಿದ್ದ ಮೂವರು ಅವಸರ ಅವಸರವಾಗಿ ಕೇಬಲ್ ಕಿತ್ತು, ಬಾಗಿಲು ಮುಚ್ಚಿ ಜೀವ ಉಳಿಸಿಕೊಂಡರು.

ಇದನ್ನೆಲ್ಲ ನೆನಪಿಟ್ಟುಕೊಂಡು ಜನವರಿ 12ರ ಆ ಮೂರು ಮೀಟರನ್ನು ನೋಡಬೇಕು. ಅಷ್ಟು ಹತ್ತಿರ ಒಯ್ದು, ಸೆನ್ಸರ್‌ಗಳು ಏನು ಹೇಳುತ್ತವೆ ಎಂದು ದಾಖಲಿಸಿ, ಮತ್ತೆ ಸುರಕ್ಷಿತ ದೂರಕ್ಕೆ ಸರಿಸಿದರು. ಬೆಂಗಳೂರಿನಲ್ಲಿ ಆ ಮಾಹಿತಿಯನ್ನು ಬಿಡಿಸಿ ನೋಡಿದ ಮೇಲೆ, ಸಂಕ್ರಾಂತಿ ಮುಗಿದ ಎರಡನೇ ದಿನ, ಜನವರಿ 16ರಂದು, 15 ಮೀಟರಿನಿಂದ 3 ಮೀಟರಿಗೆ, ಅಲ್ಲಿಂದ ಮುಂದಕ್ಕೆ ಹೋಗಿ ಚೇಸರ್ ಟಾರ್ಗೆಟ್ಟನ್ನು ಹಿಡಿಯಿತು. ಹಿಡಿದು, ಒಳಕ್ಕೆಳೆದು, ಬಿಗಿ ಮಾಡಿತು. ಎರಡನ್ನೂ ಒಂದೇ ವಸ್ತುವಿನಂತೆ ನಡೆಸಿಯೂ ನೋಡಿದರು. ಅದೇ ವಾರ ವಿ. ನಾರಾಯಣನ್ ಅವರು ಎಸ್. ಸೋಮನಾಥ್ ಅವರಿಂದ ಇಸ್ರೊದ ಅಧ್ಯಕ್ಷತೆ ವಹಿಸಿಕೊಂಡಿದ್ದರು. ರಷ್ಯಾ, ಅಮೆರಿಕ, ಚೀನಾ ಬಿಟ್ಟರೆ ಈ ಕೆಲಸ ಮಾಡಿದ ನಾಲ್ಕನೇ ದೇಶ ನಮ್ಮದು. ಮಾರ್ಚ್ 13ರಂದು ಮೊದಲ ಪ್ರಯತ್ನದಲ್ಲೇ ಎರಡನ್ನೂ ಬೇರ್ಪಡಿಸಿದರು. ಏಪ್ರಿಲ್ 20ರಂದು ಮತ್ತೆ ಜೋಡಿಸಿದರು. ಈ ಸಲ 15 ಮೀಟರಿನಿಂದ ಮುಂದಕ್ಕೆ ಉಪಗ್ರಹಗಳು ಎಲ್ಲವನ್ನೂ ತಾವೇ ಮಾಡಿಕೊಂಡವು. ಮರುದಿನ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತೂ ಹರಿಯಿತು.

ಹಾಗಾದರೆ ಜನವರಿಯ ಆ ಮುಂದೂಡಿಕೆಗಳನ್ನು ಸೋಲು ಎನ್ನಬಹುದೇ? ಖಂಡಿತ ಎನ್ನಲಾಗದು. ಅವಸರ ಮಾಡಿದ್ದರೆ ಸೋಲುತ್ತಿದ್ದೆವು. ಹೊಸ ವರ್ಷದ ಸುದ್ದಿಗೆ, ಟಿವಿಯ ಕೌಂಟ್‌ಡೌನಿಗೆ ಮಣಿಯದೆ ಪ್ರತಿ ಮೆಟ್ಟಿಲಲ್ಲೂ ನಿಂತು ನೋಡಿದ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಮುಂದಿನ ಕೆಲಸಗಳು ಇದಕ್ಕಿಂತ ಕಠಿಣ. ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿದ ಚಂದ್ರಯಾನ-4ರ ಭಾಗಗಳು ಎರಡು ಬೇರೆ ಬೇರೆ ರಾಕೆಟ್‌ಗಳಲ್ಲಿ ಹೋಗಬೇಕು. ಸ್ಪೇಡೆಕ್ಸ್ ತಪ್ಪಿಸಿಕೊಂಡಿದ್ದ ದಿಕ್ಕಿನ ಸಮಸ್ಯೆಯನ್ನು ಅದು ಎದುರಿಸಲೇಬೇಕು. ಭೂಮಿಯ ಸುತ್ತ ಒಂದು ಸಲ, ಚಂದ್ರನ ಮಣ್ಣು ಹೊತ್ತು ಮೇಲೆದ್ದ ಮೇಲೆ ಚಂದ್ರನ ಸುತ್ತ ಇನ್ನೊಂದು ಸಲ ಜೋಡಣೆಯಾಗಬೇಕು. 2035ರ ಹೊತ್ತಿಗೆ ಭಾರತದ್ದೇ ಬಾಹ್ಯಾಕಾಶ ನಿಲ್ದಾಣ ಎಂಬ ಗುರಿಯಿದೆ. ಅದನ್ನು ಒಂದೊಂದೇ ಕೋಣೆ ಕಳಿಸಿ ಮೇಲೆಯೇ ಕಟ್ಟಬೇಕು, ಪ್ರತಿ ಕೋಣೆಯೂ ಇದೇ ರೀತಿ ಬಂದು ಸೇರಬೇಕು.

2035ಕ್ಕೆ ಆ ಕೆಲಸ ಮಾಡುವವರು ಈಗ ಹೈಸ್ಕೂಲು, ಪಿಯುಸಿಯಲ್ಲಿದ್ದಾರೆ. ಅವರಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳೂ ಇರಬೇಕು ಎಂಬುದು ನನ್ನ ಆಸೆ. ಅದಕ್ಕೆ ದುಬಾರಿ ಲ್ಯಾಬು ಬೇಕಿಲ್ಲ. ಪಿಯುಸಿ ಮೊದಲ ವರ್ಷದ ಗುರುತ್ವಾಕರ್ಷಣೆಯ ಪಾಠದಲ್ಲೇ ಸೂತ್ರವಿದೆ. ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟು: ಕಪ್ಪುಹಲಗೆಯ ಮೇಲೆ ಭೂಮಿಯ ಗುರುತ್ವದ ಸಂಖ್ಯೆ 3,98,600 ಬರೆಯಿರಿ. ಭೂಮಿಯ ತ್ರಿಜ್ಯ 6,378ಕ್ಕೆ ಎತ್ತರ 475 ಕೂಡಿಸಿ 6,853ರಿಂದ ಅದನ್ನು ಭಾಗಿಸಿ, ವರ್ಗಮೂಲ ತೆಗೆಸಿ. ಸ್ಪೇಡೆಕ್ಸ್‌ನ ವೇಗ ಬರುತ್ತದೆ. ಆಮೇಲೆ 6,852 ಇಟ್ಟು ಮತ್ತೊಮ್ಮೆ ಮಾಡಿಸಿ, ಎರಡರ ವ್ಯತ್ಯಾಸ ಮಕ್ಕಳೇ ಕಂಡುಕೊಳ್ಳಲಿ. ವರ್ಷಕ್ಕೊಮ್ಮೆ ಅವರನ್ನು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿಯ ಅಧ್ಯಾಪಕರನ್ನು ಒಂದು ದಿನ ನಿಮ್ಮ ಶಾಲೆಗೆ ಕರೆಯಿರಿ. ಅಂತರರಾಷ್ಟ್ರೀಯ ನಿಲ್ದಾಣ ಸೂರ್ಯ ಮುಳುಗಿದ ಮೇಲೆ ಅಥವಾ ಬೆಳಗಿನ ಜಾವ ನಮ್ಮ ಊರುಗಳ ಮೇಲೆ ಹಾಯುವಾಗ ಬರಿಗಣ್ಣಿಗೆ ಕಾಣುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಎಂಬುದನ್ನು ನಾಸಾದ ‘ಸ್ಪಾಟ್ ದ ಸ್ಟೇಷನ್’ ಆ್ಯಪ್ ಪುಕ್ಕಟೆಯಾಗಿ ತಿಳಿಸುತ್ತದೆ. ಹಿಂದಿನ ದಿನವೇ ಮಕ್ಕಳಿಗೆ ಹೇಳಿ, ಮಾಳಿಗೆ ಹತ್ತಿ ನಿಲ್ಲಲಿ.